ಕೋಳಿಗೆ ಅರ್ಧ ಟಿಕೆಟ್, ಮೊಟ್ಟೆಗೆ? – ಮಕ್ಕಳಿಗಾಗಿ ಬರೆಯಹೊರಟವರಿಗೆ ಒಂದು ಪತ್ರ

ನಮಸ್ಕಾರ.

ನಿಮ್ಮ ಅಳಿಲಿನ ಕಥೆಯನ್ನು ಎರಡು ಸಲ ಓದಿದೆ. ಒಮ್ಮೆ ಮನಸ್ಸಿನಲ್ಲಿ, ಇನ್ನೊಮ್ಮೆ ಗಟ್ಟಿಯಾಗಿ. ಮನಸ್ಸಿನಲ್ಲಿ ಓದಿದಾಗ ಚೆನ್ನಾಗಿಯೇ ಇತ್ತು. ಬಾಯಿಗೆ ಬಂದಾಗ ಎಡವಿತು. ಹಸ್ತಪ್ರತಿಯ ತಲೆಯ ಮೇಲೆ ‘ಐದಾರು ವರ್ಷದ ಮಕ್ಕಳಿಗೆ’ ಎಂದು ಬರೆದಿದ್ದೀರಿ. ಆ ವಯಸ್ಸಿನ ಮಗು ಪುಸ್ತಕ ಓದುವುದಿಲ್ಲ, ಕೇಳುತ್ತದೆ. ಓದಿ ಹೇಳುವವರು ಅಮ್ಮ, ತಾತ, ಅಂಗನವಾಡಿ ಟೀಚರ್, ಒಂದನೇ ಕ್ಲಾಸಿನ ಮೇಷ್ಟ್ರು. ಅವರ ನಾಲಿಗೆಗೆ ಒಗ್ಗದ ವಾಕ್ಯ ಮಗುವಿನ ಕಿವಿಯವರೆಗೆ ಹೋಗುವುದೇ ಇಲ್ಲ.

ನಿಮ್ಮ ಮೊದಲ ವಾಕ್ಯವನ್ನೇ ತೆಗೆದುಕೊಳ್ಳೋಣ: ‘ಒಂದಾನೊಂದು ಕಾಲದಲ್ಲಿ ನಿಸರ್ಗ ಸೌಂದರ್ಯದಿಂದ ಕಂಗೊಳಿಸುತ್ತಿದ್ದ ದಟ್ಟವಾದ ಅರಣ್ಯವೊಂದರಲ್ಲಿ ಚಿಂಟು ಎಂಬ ಹೆಸರಿನ ಚುರುಕಾದ ಅಳಿಲೊಂದು ತನ್ನ ತಾಯಿಯೊಂದಿಗೆ ವಾಸಿಸುತ್ತಿತ್ತು.’ 15 ಪದಗಳು, ಒಂದೂ ಘಟನೆ ಇಲ್ಲ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಹಾಗಾಗಿ ಆ ಅಳಿಲು ಏನು ಮಾಡಿತು ಎಂದು ತಿಳಿಯಲು ಮಗು 14 ಪದಗಳನ್ನು ಹೊತ್ತುಕೊಂಡು ಕಾಯಬೇಕು. ಕಾದು ಕಾದು ಸಿಗುವುದು ‘ವಾಸಿಸುತ್ತಿತ್ತು’! ನಿಮ್ಮ ಮೂರನೇ ಪುಟದಲ್ಲಿ ಹಲಸಿನ ಬೀಜ ಬರುತ್ತದಲ್ಲ, ಕಥೆ ಶುರುವಾಗುವುದು ಅಲ್ಲಿ. ಹೀಗೆ ಓದಿ ನೋಡಿ: ‘ಅಳಿಲಿಗೆ ಹಲಸಿನ ಬೀಜ ಸಿಕ್ಕಿತು. ಕಚ್ಚಿತು. ಬಾಯಲ್ಲಿ ಹಿಡಿಯಲಿಲ್ಲ. ಉರುಳಿಸಿತು. ಉರುಳಿ ಉರುಳಿ ಬೀಜ ಬಾವಿಗೆ ಬಿತ್ತು.’ 13 ಪದಗಳಲ್ಲಿ ಐದು ಸಂಗತಿ ನಡೆದವು. ಕಾಡು, ಅಮ್ಮ, ಚುರುಕುತನ ಎಲ್ಲ ಚಿತ್ರದಲ್ಲಿ ಬರುತ್ತವೆ. ಚಿಂಟು ಎಂಬ ಹೆಸರೂ ಬೇಡ. ಕಥೆಯಲ್ಲಿ ಇರುವುದು ಒಂದೇ ಅಳಿಲು.

ಪದಮಿತಿ ಎಷ್ಟು ಎಂದು ಕೇಳಿದ್ದೀರಿ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಎಂಬ ಮಕ್ಕಳ ಕಥೆಗಳ ಜಾಲತಾಣದಲ್ಲಿ ಓದಿನ ನಾಲ್ಕು ಹಂತಗಳಿವೆ. ಮೊದಲನೆಯದು ಸುಮಾರು 250 ಪದಗಳ ಒಳಗೆ, ಎರಡನೆಯದು 600ರವರೆಗೆ, ಮೂರನೆಯದು 1500ರವರೆಗೆ, ಅದಕ್ಕಿಂತ ದೊಡ್ಡವು ನಾಲ್ಕನೆಯದು. ಕೈಮರವಾಗಿ ಇಟ್ಟುಕೊಳ್ಳಲು ಒಳ್ಳೆಯ ಲೆಕ್ಕ. ಆದರೆ ಕನ್ನಡದಲ್ಲಿ ಪದ ಎಣಿಸಿದರೆ ಮೋಸ ಹೋಗುತ್ತೀರಿ. ‘ಮನೆಯೊಳಗಿನಿಂದಲೇ’ ಎಂಬುದು ಲೆಕ್ಕಕ್ಕೆ ಒಂದು ಪದ. ಬಿಡಿಸುವ ಮಗುವಿಗೆ ಎಂಟು ಅಕ್ಷರ. ನಾವು ಪ್ರತ್ಯಯದ ಮೇಲೆ ಪ್ರತ್ಯಯ ಅಂಟಿಸುತ್ತ ಹೋಗುವವರು. ಆದ್ದರಿಂದ ಮೊದಲ ಹಂತಕ್ಕೆ ಒಟ್ಟು 120ರಿಂದ 150 ಪದ ಸಾಕು, ಒಂದು ಪದಕ್ಕೆ ನಾಲ್ಕೈದು ಅಕ್ಷರ ಮೀರದಂತೆ ನೋಡಿಕೊಳ್ಳಿ. ನಿಮ್ಮ ಅಳಿಲಿನ ಕಥೆ ಈಗ 1400 ಪದ ಇದೆ. ಅದು ಐದು ವರ್ಷದವರ ಉದ್ದವಲ್ಲ, ಒಂಬತ್ತು ವರ್ಷದವರದು. ಒಂಬತ್ತು ವರ್ಷದವರಿಗೆ ಆ ಕಥೆ ಹಾಲುಗಲ್ಲದ್ದಾಗುತ್ತದೆ.

ಓದಿ ಹೇಳುವ ಪುಸ್ತಕ ಬೇರೆ, ಮಗು ತಾನೇ ಓದುವ ಪುಸ್ತಕ ಬೇರೆ. ಎರಡನ್ನೂ ಒಂದೇ ಹಸ್ತಪ್ರತಿಯಲ್ಲಿ ಸಾಧಿಸಲು ಹೊರಟರೆ ಎರಡೂ ಕೆಡುತ್ತವೆ. ತಾನೇ ಓದುವ ಮಗುವಿಗೆ ತೊಡಕಾಗುವುದು ಅರ್ಥವಲ್ಲ, ಒತ್ತಕ್ಷರ. ಅದರಲ್ಲೂ ‘ಅಮ್ಮ’, ‘ಅಕ್ಕ’ ಥರದ ಸಜಾತೀಯ ಒತ್ತು ಬೇಗ ಬರುತ್ತದೆ. ‘ಪುಸ್ತಕ’ದಂಥ ವಿಜಾತೀಯ ಒತ್ತು ತಡ. ಅರ್ಕಾವತ್ತಂತೂ ಬರೆಯುವುದು ಆಮೇಲೆ, ಓದುವುದು ಮೊದಲು. ‘ಸೂರ್ಯ’ ಎಂಬಲ್ಲಿ ಎಷ್ಟೋ ಮಕ್ಕಳು ‘ಸೂಯ’ ಎಂದು ಓದಿ ಕತ್ತೆತ್ತಿ ನೋಡುತ್ತಾರೆ. ಇಲ್ಲಿ ಒಂದು ವಿಚಿತ್ರ ಇದೆ. ಆಡುಮಾತಿನಲ್ಲಿ ಬರೆದರೆ ಮಕ್ಕಳಿಗೆ ಸುಲಭ ಎಂದು ನಾವೆಲ್ಲ ನಂಬಿರುತ್ತೇವೆ. ಕಿವಿಗೆ ಸುಲಭ, ನಿಜ. ಕಣ್ಣಿಗೆ ಅಲ್ಲ. ‘ಮಾಡುತ್ತಾಳೆ’ ಎಂಬುದರಲ್ಲಿ ತಕಾರಕ್ಕೆ ತಕಾರದ ಒತ್ತು. ‘ಮಾಡ್ತಾಳೆ’ ಎಂದ ಕೂಡಲೇ ಡಕಾರಕ್ಕೆ ತಕಾರದ ಒತ್ತು ಬಂತು. ‘ನೋಡ್ಕೊಂಡ್ಬಾ’ ಎಂಬುದನ್ನು ಒಂದನೇ ಕ್ಲಾಸಿನ ಮಗುವಿನ ಮುಂದೆ ಇಟ್ಟು ನೋಡಿ. ಅದಕ್ಕೇ ತಾನೇ ಓದುವ ಪುಸ್ತಕದಲ್ಲಿ ಸರಳ ಭೂತಕಾಲ ಹಿಡಿಯಿರಿ: ಬಂದಳು, ನೋಡಿದಳು, ಕೂಗಿದಳು. ಓದಿ ಹೇಳುವ ಪುಸ್ತಕದಲ್ಲಿ ಮಾತುಗಳನ್ನೆಲ್ಲ ಧಾರವಾಡದಲ್ಲೋ ಕುಂದಾಪುರದಲ್ಲೋ ಧಾರಾಳವಾಗಿ ಆಡಿಸಿ.

ನಲಿ-ಕಲಿಯ ಅಕ್ಷರ ಕ್ರಮವನ್ನು ಒಮ್ಮೆ ನೋಡಿ. 1990ರ ದಶಕದಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾಗಿ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದ ಪದ್ಧತಿ ಅದು. ಅಲ್ಲಿ ಅ ಆ ಇ ಈ ಇಲ್ಲ; ರ, ಗ, ಸ, ದ, ಅ ಎಂದು ಶುರು. ಐದೇ ಅಕ್ಷರಗಳಲ್ಲಿ ಅರಸ, ಅಗಸ, ಸರ, ಗರಗಸ ಎಲ್ಲ ಹುಟ್ಟುತ್ತವೆ. ಈ ಐದರಲ್ಲೇ ಒಂದು ಪುಟ್ಟ ಕಥೆ ಕಟ್ಟಲು ಒಂದು ವಾರ ಒದ್ದಾಡಿ. ಪ್ರಕಟಿಸಲಿಕ್ಕಲ್ಲ. ಗರಗಸ ಹಿಡಿದ ಅರಸನನ್ನು ಏನು ಮಾಡುವುದೆಂದು ತಿಣುಕುವಾಗ ನಿಮ್ಮ ವಿಶೇಷಣಗಳೆಲ್ಲ ತಾವಾಗಿ ಉದುರುತ್ತವೆ.

ಪದ್ಯದ ವಿಷಯ. ನೀವು ಕಳಿಸಿದ ಮೂರು ಶಿಶುಗೀತೆಗಳಲ್ಲೂ ಪ್ರಾಸ ಇದೆ, ತಾಳ ಇಲ್ಲ. ಪ್ರಾಸ ಎಂದರೂ ‘ಬಂದಿತು – ತಿಂದಿತು – ನಿಂದಿತು’. ಕನ್ನಡದ ವಾಕ್ಯ ಹೇಗೂ ಕ್ರಿಯಾಪದದಲ್ಲೇ ಮುಗಿಯುವುದರಿಂದ ಇದು ಪುಕ್ಕಟೆ ಸಿಗುವ ಪ್ರಾಸ. ಕಿವಿ ಅದನ್ನು ಗಮನಿಸುವುದೇ ಇಲ್ಲ. ಇನ್ನೊಂದು ಕಡೆ ಅಂದ, ಚಂದ, ಆನಂದ. (ಗೋವಿಂದ ಒಬ್ಬ ಬಾಕಿ.) ಪಂಜೆ ಮಂಗೇಶರಾಯರ ಹಾವಿನ ಪದ್ಯವನ್ನು ಬೆರಳು ಮಡಚಿ ಎಣಿಸಿ: ‘ನಾಗರ ಹಾವೇ! ಹಾವೊಳು ಹೂವೇ! / ಬಾಗಿಲ ಬಿಲದಲಿ ನಿನ್ನಯ ಠಾವೇ?’ ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ನಾಗರ – ನಾಲ್ಕು. ಹಾವೇ – ನಾಲ್ಕು. ಹಾವೊಳು – ನಾಲ್ಕು. ಹೂವೇ – ನಾಲ್ಕು. ಎರಡನೇ ಸಾಲಿನಲ್ಲೂ ನಾಲ್ಕು ನಾಲ್ಕೇ, ಒಂದು ಪದವೂ ಗಣದ ಗೆರೆ ದಾಟುವುದಿಲ್ಲ. ಕೊನೆಯಲ್ಲಿ ‘ವೇ’ ಪ್ರಾಸ ಎಲ್ಲರಿಗೂ ಕಾಣುತ್ತದೆ. ಎರಡನೆಯ ಅಕ್ಷರ ನೋಡಿದಿರಾ? ನಾಗರ, ಬಾಗಿಲ: ಎರಡೂ ಕಡೆ ಗಕಾರ. ಹಳಗನ್ನಡದ ಆದಿಪ್ರಾಸವನ್ನು ಸದ್ದಿಲ್ಲದೆ ಮಕ್ಕಳ ಪದ್ಯದೊಳಗೆ ಇಳಿಸಿದ್ದಾರೆ. ನಿಮ್ಮ ಪದ್ಯದಲ್ಲಿ ಓದುವವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ಮಾತ್ರೆ ಎಣಿಸಿ. ನಾಲ್ಕು ನಾಲ್ಕರ ನಡುವೆ ಒಂದು ಐದು ಕೂತಿರುತ್ತದೆ. ಸಾಮಾನ್ಯವಾಗಿ ಅದು ‘ತುಂಬಾ’ ಅಥವಾ ‘ಕೂಡಾ’ ಎಂದು ಹೊಟ್ಟೆ ತುಂಬಿಸಲು ಹಾಕಿದ ಪದದ ಪಕ್ಕದಲ್ಲೇ ಇರುತ್ತದೆ.

ಚಿತ್ರಪುಸ್ತಕ ಹೇಗೆ ಕಟ್ಟುವುದು ಎಂಬುದಕ್ಕೆ ಸದ್ಯ ನನ್ನ ಮೇಜಿನ ಮೇಲಿರುವ ಹಸ್ತಪ್ರತಿಯನ್ನೇ ಬಿಚ್ಚಿಡುತ್ತೇನೆ. ಹೆಸರು ‘ಕೋಳಿಗೆ ಅರ್ಧ ಟಿಕೆಟ್’. ನಮ್ಮ ಸಾರಿಗೆ ಬಸ್ಸುಗಳಲ್ಲಿ ಕೋಳಿ ಒಯ್ದರೆ ಅದಕ್ಕೆ ಅರ್ಧ ಟಿಕೆಟ್ ಹರಿಯುವುದು ಇದ್ದದ್ದೇ. ನಿಂಗಿ ಎಂಬ ಹುಡುಗಿ ಕೋಳಿ ಹಿಡಿದು ಅಜ್ಜಿ ಮನೆಗೆ ಹೊರಟಿದ್ದಾಳೆ, ಅಷ್ಟೇ.

ಮೊದಲು ಡಮ್ಮಿ, ಅಂದರೆ ಪುಸ್ತಕದ ಕೈಮಾದರಿ, ಮಾಡಿ. ನಾಲ್ಕು ಎ4 ಹಾಳೆ ಒಂದರ ಮೇಲೊಂದು ಇಟ್ಟು ನಡುವೆ ಮಡಚಿ ಪಿನ್ ಹೊಡೆದರೆ 16 ಪುಟ. ನಡುವೆ ಪಿನ್ ಹೊಡೆಯುವ ಪುಸ್ತಕದ ಪುಟಗಳು ಯಾವಾಗಲೂ ನಾಲ್ಕರ ಗುಣಕದಲ್ಲೇ ಇರಬೇಕು. 18 ಪುಟದ ಕಥೆ ಕೊಟ್ಟರೆ ಪ್ರೆಸ್ಸಿನವರು ಎರಡು ಖಾಲಿ ಪುಟ ಸೇರಿಸುತ್ತಾರೆ, ಇಲ್ಲವೇ ಎರಡು ಕತ್ತರಿಸಲು ಹೇಳುತ್ತಾರೆ. ಪುಟ 1 ಶೀರ್ಷಿಕೆ, 2 ಪ್ರಕಾಶಕರ ವಿವರ. ಕಥೆಗೆ ಉಳಿಯುವುದು ಪುಟ 3, ಆಮೇಲೆ 4-5ರಿಂದ 14-15ರವರೆಗೆ ಆರು ಜೋಡಿಪುಟ, ಕೊನೆಗೆ ಪುಟ 16. ಒಟ್ಟು ಎಂಟು ದೃಶ್ಯ, ನಡುವೆ ಏಳು ಸಲ ಪುಟ ಮಗುಚುವುದು. ಚಿತ್ರಪುಸ್ತಕದ ಕಥನವೆಲ್ಲ ಈ ಏಳು ಮಗುಚುವಿಕೆಯಲ್ಲಿದೆ. ಪ್ರಶ್ನೆ ಬಲಪುಟದ ಕೊನೆಗೆ ಬರಬೇಕು, ಉತ್ತರ ಮಗುಚಿದ ಮೇಲಿನ ಎಡಪುಟದಲ್ಲಿ. ಎರಡೂ ಎದುರುಬದುರು ಪುಟದಲ್ಲಿ ಬಿದ್ದರೆ ಮಗುವಿನ ಕಣ್ಣು ಉತ್ತರದ ಚಿತ್ರವನ್ನು ಮೊದಲೇ ನೋಡಿಬಿಡುತ್ತದೆ.

ಪುಟ 3ರಲ್ಲಿ ನಿಂಗಿ, ಬುಟ್ಟಿ, ಬಸ್‌ಸ್ಟಾಪು. 4-5ರಲ್ಲಿ ಬಸ್ಸು, ನೂಕುನುಗ್ಗಲು. ಪುಟ 5ರ ಕೊನೆಗೆ ಕಂಡಕ್ಟರ್: ‘ಬುಟ್ಟೀಲಿ ಏನು?’ ಮಗುಚಿದರೆ ಪುಟ 6ರಲ್ಲಿ ಬುಟ್ಟಿಯಿಂದ ಒಂದು ಕುತ್ತಿಗೆ. ‘ಕೋಳಿಗೆ ಅರ್ಧ ಟಿಕೆಟ್!’ ಪುಟ 7ರ ಕೊನೆಗೆ ನಿಂಗಿ ಕೇಳುತ್ತಾಳೆ: ‘ಹಂಗಾದ್ರೆ ಇದರ ಸೀಟು?’ 8-9ರಲ್ಲಿ ಬಸ್ಸಿಗೆ ಬಸ್ಸೇ ಮಾತಾಡುತ್ತದೆ. 10-11ರಲ್ಲಿ ತೀರ್ಮಾನ: ಅರ್ಧ ಟಿಕೆಟ್ಟಿಗೆ ಅರ್ಧ ಸೀಟು. ಉಳಿದರ್ಧದಲ್ಲಿ ಒಬ್ಬ ದಪ್ಪ ಗೌಡರು. 12-13ರಲ್ಲಿ ಒಂದೂ ಅಕ್ಷರ ಇಲ್ಲ. ಸೀಟಿನ ಮೇಲೆ ಕೋಳಿ ಆರಾಮಾಗಿ, ಗೌಡರು ಅಂಚಿನಲ್ಲಿ. 14-15ರಲ್ಲಿ ‘ಕೊಕ್ಕೊಕ್ಕೋ’ ಎಂದು ಕೋಳಿ ಎದ್ದರೆ ಕೆಳಗೆ ಮೊಟ್ಟೆ. ಕಂಡಕ್ಟರ್ ಮೊಟ್ಟೆ ನೋಡುತ್ತಾರೆ, ಟಿಕೆಟ್ ಮಷಿನ್ ನೋಡುತ್ತಾರೆ. ಪುಟ 16ರಲ್ಲಿ ನಿಂಗಿ: ‘ಇದಕ್ಕೂನಾ?’ ಮುಗಿಯಿತು. ಒಟ್ಟು 130 ಪದ ಚಿಲ್ಲರೆ.

ಈ ಕಥೆಯಲ್ಲಿ ಬೇಡವೆಂದು ಬಿಟ್ಟದ್ದನ್ನೂ ಹೇಳಬೇಕು. ಶಕ್ತಿ ಯೋಜನೆ 2023ರ ಜೂನ್ 11ರಿಂದ ಇದೆಯಲ್ಲ, ನಿಂಗಿಗೆ ಶೂನ್ಯ ಟಿಕೆಟ್. ‘ನಾನು ಹೆಣ್ಣು, ನನಗೆ ಫ್ರೀ, ಕೋಳಿಯೂ ಹೇಂಟೆ, ಅದಕ್ಯಾಕೆ ದುಡ್ಡು?’ ಎಂದು ಅವಳು ಕೇಳಿದರೆ ದೊಡ್ಡವರು ಬಿದ್ದುಬಿದ್ದು ನಗುತ್ತಾರೆ. ಅದಕ್ಕೇ ತೆಗೆದದ್ದು. ಅದು ದೊಡ್ಡವರ ನಗು. ಸುದ್ದಿ ಗೊತ್ತಿದ್ದರೆ ಮಾತ್ರ ಬರುವಂಥದ್ದು. ಅರ್ಧ ಟಿಕೆಟ್ಟಿಗೆ ಅರ್ಧ ಸೀಟು ಎಂಬುದು ಐದು ವರ್ಷದ ತಲೆಯ ನ್ಯಾಯ, ಯೋಜನೆ ಬದಲಾದರೂ ಹಳತಾಗದು. 16 ಪುಟಕ್ಕೆ ಒಂದೇ ಗಂಟು ಸಾಕು.

ಚಿತ್ರಕಾರರಿಗೆ ಟಿಪ್ಪಣಿ ಕೊಡುವಾಗ ಕಥೆ ನಿಂತಿರುವ ವಿವರ ಮಾತ್ರ ಬರೆಯಿರಿ. ಲಂಗದ ಬಣ್ಣ, ಆಕಾಶದ ಮೋಡ ಅವರ ಪಾಲು. ಈ ಪುಸ್ತಕಕ್ಕೆ ಬರೆದಿರುವ ಟಿಪ್ಪಣಿ ಎರಡೇ. ಒಂದು: ಇದು ಹೇಂಟೆ, ಹುಂಜ ಅಲ್ಲ. ದೊಡ್ಡ ಕೆಂಪು ಜುಟ್ಟು, ಬಾಗಿದ ಬಾಲ ನೋಡಲು ಚೆಂದ ಎಂದು ಹುಂಜವನ್ನೇ ಬರೆಯುವ ಅಭ್ಯಾಸ ತುಂಬಾ ಜನಕ್ಕಿದೆ. ಹಾಗಾದರೆ ಪುಟ 15ರ ಮೊಟ್ಟೆ ನೋಡಿ ಹಳ್ಳಿ ಮಕ್ಕಳು ಕಥೆಗಲ್ಲ, ನಮಗೇ ನಗುತ್ತಾರೆ. ಇನ್ನೊಂದು: 14ನೇ ಪುಟಕ್ಕೆ ಮೊದಲು ಎಲ್ಲೂ ಮೊಟ್ಟೆಯ ಸುಳಿವು ಬೇಡ. ಚಿತ್ರದಲ್ಲಿ ಕಾಣುವುದನ್ನು ಪಠ್ಯದಲ್ಲಿ ಬರೆಯಬೇಡಿ. ‘ಕೆಂಪು ಬಣ್ಣದ ದೊಡ್ಡ ಬಸ್ಸು ಬಂದಿತು’ ಎಂಬುದರಲ್ಲಿ ಬಣ್ಣ, ಗಾತ್ರ ಎರಡೂ ಚಿತ್ರದ್ದು. ಚಿತ್ರಕ್ಕೆ ಬಾರದ್ದು ಸದ್ದು: ‘ಗಡಗಡ ಗಡಗಡ. ಧಡಕ್!’ ಅನುಕರಣ ಶಬ್ದ, ಜೋಡುನುಡಿ, ‘ಚೀಲಗೀಲ’, ‘ಬುಟ್ಟಿಗಿಟ್ಟಿ’ ಇವು ನಮ್ಮ ಭಾಷೆಯ ಖಜಾನೆ. ಹಸ್ತಪ್ರತಿ ತಿದ್ದುವವರು ಗ್ರಾಂಥಿಕ ಮಾಡಲು ಬಂದರೆ ಜಗ್ಗಬೇಡಿ.

ಪುಟ ವಿನ್ಯಾಸದಲ್ಲಿ ಕನ್ನಡದ ಒತ್ತು ಕೆಳಗಿಳಿಯುತ್ತದೆ ಎಂಬುದನ್ನು ಇಂಗ್ಲಿಷ್ ಪುಸ್ತಕಕ್ಕೆ ಒಗ್ಗಿದ ವಿನ್ಯಾಸಕರು ಮರೆಯುತ್ತಾರೆ. ಅಕ್ಷರ 20 ಪಾಯಿಂಟ್ ಇದ್ದರೆ ಸಾಲಿನಿಂದ ಸಾಲಿಗೆ 30 ಇರಲಿ. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಸಾಲಿನ ಕೊನೆಗೆ ಪದ ಒಡೆಯುವುದು ಕೂಡದು, ಉಸಿರು ನಿಲ್ಲುವಲ್ಲಿ ಸಾಲು ಮುರಿಯಬೇಕು. ಹಸ್ತಪ್ರತಿಯನ್ನು ಯೂನಿಕೋಡ್‌ನಲ್ಲಿ ಕಳಿಸಿ, ಜೊತೆಗೊಂದು ಪಿಡಿಎಫ್ ಇರಲಿ. ಹಳೆಯ ನುಡಿ ಫಾಂಟಿಗೂ ಯೂನಿಕೋಡಿಗೂ ನಡುವೆ ಪರಿವರ್ತನೆ ಆಗುವಾಗ ಅರ್ಕಾವತ್ತು, ಒತ್ತುಗಳು ಅದಲುಬದಲಾಗುವುದುಂಟು. ಕರಡು ತಿದ್ದುವಾಗ ಮೊದಲು ಅಲ್ಲಿ ಕಣ್ಣಾಡಿಸಿ.

ಬರೆದದ್ದನ್ನು ಮಕ್ಕಳ ಮುಂದೆ ಇಡುವ ಬಗೆ. ಎಂಟರಿಂದ ಹನ್ನೆರಡು ಮಕ್ಕಳು ಸಾಕು, ನೆಲದ ಮೇಲೆ ಅರ್ಧ ಚಂದ್ರಾಕಾರ. ಓದುವುದು ನೀವಲ್ಲ. ಹಸ್ತಪ್ರತಿಯನ್ನು ಮೊದಲೇ ನೋಡಿರದ ಟೀಚರ್ ಕೈಗೆ ಕೊಡಿ. ನೀವು ಓದಿದರೆ ವಾಕ್ಯದ ಹುಳುಕನ್ನು ನಿಮ್ಮ ದನಿ ಮುಚ್ಚಿಹಾಕುತ್ತದೆ. ಹಿಂದೆ ಕೂತು ಇನ್ನೊಂದು ಪ್ರತಿಯಲ್ಲಿ ಎರಡು ಗುರುತು ಹಾಕುತ್ತಿರಿ: ಟೀಚರ್ ತಡವರಿಸಿದಲ್ಲಿ ಅಡ್ಡಗೆರೆ, ಮಕ್ಕಳು ಕಿಟಕಿ ನೋಡಿದಲ್ಲಿ ಸೊನ್ನೆ. ಮುಗಿದ ಮೇಲೆ ‘ಕಥೆ ಹೇಗಿತ್ತು?’ ಎಂದು ಮಾತ್ರ ಕೇಳಬೇಡಿ. ‘ಚೆನ್ನಾಗಿತ್ತು ಮಿಸ್’ ಎಂದು ಒಕ್ಕೊರಲಿನ ರಾಗ ಬರುತ್ತದೆ, ಅದರಿಂದ ಉಪಯೋಗವಿಲ್ಲ. ಮಾರನೇ ದಿನ ಹೋಗಿ, ನಿನ್ನೆ ಬಾರದಿದ್ದ ಮಗುವಿಗೆ ಕಥೆ ಹೇಳಲು ಇನ್ನೊಂದು ಮಗುವಿಗೆ ಹೇಳಿ. ಅದು ಬಿಟ್ಟುಬಿಟ್ಟ ಭಾಗವನ್ನು ನೀವೂ ಬಿಡಬಹುದು. ತಾನಾಗಿ ಸೇರಿಸಿದ ಭಾಗವನ್ನು ಬರೆದುಕೊಳ್ಳಿ. ಮೂರು ಬೇರೆ ಬೇರೆ ಶಾಲೆಗಳಲ್ಲಿ ಹೀಗೆ ಮಾಡುವವರೆಗೆ ಪ್ರಕಾಶಕರಿಗೆ ಕಳಿಸಬೇಡಿ.

ಪುಸ್ತಕ ಅಚ್ಚಾದ ಮೇಲೆ ಶಾಲೆಗೆ ಕರೆದರೆ ಬರೀ ನಿಮ್ಮದೊಂದೇ ಪುಸ್ತಕ ಹಿಡಿದು ಹೋಗಬೇಡಿ. 40 ನಿಮಿಷದ ಪೀರಿಯಡ್ಡಿನಲ್ಲಿ ಮೊದಲ 10 ನಿಮಿಷ ಬೇರೆಯವರ ಪದ್ಯ, ಆಮೇಲೆ ನಿಮ್ಮ ಕಥೆ, ಉಳಿದ ಹೊತ್ತು ಮಕ್ಕಳು ಪುಸ್ತಕಗಳನ್ನು ಮುಟ್ಟಿ ಮಗುಚಿ ನೋಡಲು. ಭಾಷಣಕ್ಕೆ ಜಾಗವಿಲ್ಲ, ಮುಖ್ಯೋಪಾಧ್ಯಾಯರ ಸ್ವಾಗತವೇ ಐದು ನಿಮಿಷ ತಿನ್ನುತ್ತದೆ.

ಆ ಚೀಲದಲ್ಲಿ ಏನೇನಿರಬೇಕು ಎಂದು ಕೇಳಿದರೆ ನನ್ನ ಆಯ್ಕೆ ಹೀಗೆ. ಪಂಜೆಯವರ ‘ಸಿಗಡಿ ಯಾಕೆ ಒಣಗಲಿಲ್ಲ’: ಪ್ರಶ್ನೆಗೆ ಪ್ರಶ್ನೆ ಕೊಂಡಿ ಹಾಕುತ್ತ ಹೋಗುವ ಸರಪಳಿ, ಎರಡನೇ ಸುತ್ತಿಗೇ ಮಕ್ಕಳು ಮುಂದಿನ ಪ್ರಶ್ನೆಯನ್ನು ತಾವೇ ಕೂಗುತ್ತಾರೆ. ರಾಜರತ್ನಂ ಅವರ ‘ತುತ್ತೂರಿ’ಯನ್ನು ಮಕ್ಕಳಿಗಿಂತ ನಿಮಗಾಗಿ ಇಟ್ಟುಕೊಳ್ಳಿ, ಹೊಟ್ಟೆ ತುಂಬಿಸುವ ಒಂದು ಪದ ಹುಡುಕಿ ಸೋಲಿ. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯ ಮೂಲ ಬ್ರೌನಿಂಗ್‌ನ ಇಂಗ್ಲಿಷ್ ಪದ್ಯ. ಆದರೆ ಅಣ್ಣಿಲಿ, ತಮ್ಮಿಲಿ ಎಂದು ಇಲಿಗಳನ್ನು ಸಂಧಿ ಮಾಡಿ ಓಡಿಸುವುದು ಕನ್ನಡಕ್ಕೆ ಮಾತ್ರ ಸಾಧ್ಯ. ಬೇರೆ ಭಾಷೆಯ ಕಥೆ ತರುವ ಆಸೆಯಿದ್ದರೆ ಅದನ್ನು ಪಾಠದಂತೆ ಓದಿ. ಕಥೆಯಲ್ಲದ ಬರಹಕ್ಕೆ ಕಾರಂತರ ‘ಬಾಲ ಪ್ರಪಂಚ’. ಮಾಹಿತಿ ಹಳತಾಗಿದೆ, ಮಗುವನ್ನು ದಡ್ಡನೆಂದು ಎಣಿಸದ ದನಿ ಹಳತಾಗಿಲ್ಲ. ಸ್ವಲ್ಪ ದೊಡ್ಡ ಮಕ್ಕಳಿಗೆ ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’, ಬೊಳುವಾರು ಮಹಮದ್ ಕುಂಞಿ ಅವರ ‘ಪಾಪು ಗಾಂಧಿ, ಗಾಂಧಿ ಬಾಪು ಆದ ಕಥೆ’. ಈಚಿನವರಲ್ಲಿ ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’, ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’, ಕೃಷ್ಣಮೂರ್ತಿ ಬಿಳಿಗೆರೆಯವರ ‘ಛೂಮಂತ್ರಯ್ಯನ ಕಥೆಗಳು’. ಈ ಮೂರಕ್ಕೂ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂದಿದೆ, 2022ರಿಂದ 2024ರವರೆಗೆ ಕ್ರಮವಾಗಿ. ಇವುಗಳಲ್ಲಿ ಎಷ್ಟು ಕಡೆ ಲೇಖಕರು ನೀತಿ ಹೇಳಲು ನಿಲ್ಲುತ್ತಾರೆ ಎಂದು ಎಣಿಸಿ, ಆಮೇಲೆ ನಿಮ್ಮ ಅಳಿಲಿನ ಕೊನೆಯ ಪ್ಯಾರಾ ತೆರೆಯಿರಿ. ‘ಆದ್ದರಿಂದ ಮಕ್ಕಳೇ’ ಎಂದು ಶುರುವಾಗುವ ಆ ಪ್ಯಾರಾವನ್ನು ನಾನು ಪೆನ್ಸಿಲ್‌ನಲ್ಲಿ ಹೊಡೆದುಹಾಕಿದ್ದೇನೆ.

ಕರಾರಿನ ವಿಷಯ ಚುಟುಕಾಗಿ. ಕೃತಿಸ್ವಾಮ್ಯ ಹಸ್ತಾಂತರ ಎಂದು ಬರೆದಿದ್ದರೆ ಎಷ್ಟು ವರ್ಷಕ್ಕೆ ಎಂದು ನೋಡಿ. ಅವಧಿ ನಮೂದಿಸದಿದ್ದರೆ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಅದು ಐದು ವರ್ಷ, ಪ್ರದೇಶ ನಮೂದಿಸದಿದ್ದರೆ ಭಾರತ ಮಾತ್ರ. ಚಿತ್ರಕಾರರ ಹೆಸರು ಮುಖಪುಟದಲ್ಲಿ ನಿಮ್ಮ ಹೆಸರಿನಷ್ಟೇ ಗಾತ್ರದಲ್ಲಿರಲಿ. ಹಳಬರ ಪದ್ಯವನ್ನು ಚಿತ್ರಪುಸ್ತಕ ಮಾಡುವ ಯೋಚನೆ ಬರೆದಿದ್ದಿರಿ: ಲೇಖಕರು ತೀರಿಕೊಂಡ ವರ್ಷದ ನಂತರ 60 ವರ್ಷ ಹಕ್ಕು ಇರುತ್ತದೆ. 1937ರಲ್ಲಿ ತೀರಿಕೊಂಡ ಪಂಜೆಯವರದು ಮುಕ್ತ. 1979ರಲ್ಲಿ ತೀರಿಕೊಂಡ ರಾಜರತ್ನಂ ಅವರದಕ್ಕೆ 2039 ಮುಗಿಯುವವರೆಗೆ ಅನುಮತಿ ಬೇಕು.

ನಿಮ್ಮ ಹಸ್ತಪ್ರತಿಯನ್ನು ಇದರ ಜೊತೆ ವಾಪಸ್ ಕಳಿಸುತ್ತಿದ್ದೇನೆ. ಮುಂದಿನ ಸಲ ಬಿಡಿ ಹಾಳೆ ಬೇಡ, ಪಿನ್ ಹೊಡೆದ ಡಮ್ಮಿಯನ್ನೇ ಕಳಿಸಿ. ಗೀಚು ಚಿತ್ರವಾದರೂ ಸರಿ. ಅಳಿಲು ಯಾವ ಪುಟದಲ್ಲಿ ಬಾವಿಯೊಳಗೆ ಬಗ್ಗಿ ನೋಡುತ್ತದೆ ಎಂಬುದು ನನಗೆ ಗೊತ್ತಾಗಬೇಕು. ಬಲಪುಟವಾದರೆ ಒಳ್ಳೆಯದು.

ಇಂತಿ,
ನಿಮ್ಮ ಹಿತೈಷಿ